ಉಪ್ಪುನೀರಿನ ತೊಟ್ಟಿ: ಕಿರಿದಾಗಿಸುವುದೋ, ಮೀನು ಕೊಟ್ಟುಬಿಡುವುದೋ?

ಮಡಿಕೇರಿಯಲ್ಲಿ ಕಡಲ ಮೀನು ಸಾಕುವ 400 ಲೀಟರಿನ ತೊಟ್ಟಿ ನಿಭಾಯಿಸಲಾಗದವರಿಗೆ ಮೂರು ದಾರಿಗಳಿವೆ: ಚಿಕ್ಕ ತೊಟ್ಟಿಗೆ ಇಳಿಯುವುದು, ಮೀನನ್ನು ಅಂಗಡಿಗೆ ಮರಳಿಸುವುದು, ಇಲ್ಲವೇ ಪಳಗಿದ ಹವ್ಯಾಸಿಗೆ ಕೊಡುವುದು.

ಖರ್ಚು ನೋಡಿದರೆ 100 ಲೀಟರಿನ ತೊಟ್ಟಿ ಹಗುರ; ಉಪ್ಪೂ ವಿದ್ಯುತ್ತೂ ಉಳಿಯುತ್ತವೆ. ಆದರೆ ನೀರು ಕಡಿಮೆಯಾದಷ್ಟೂ ಉಪ್ಪಿನಂಶ, ಉಷ್ಣತೆ ಬೇಗ ಏರುಪೇರಾಗುತ್ತವೆ. ಮಳೆಗಾಲದಲ್ಲಿ ಕರೆಂಟ್ ಕೈಕೊಡುವ ಕೊಡಗಿನಲ್ಲಿ ಬ್ಯಾಟರಿ ಪಂಪ್ ಇಲ್ಲದೆ ಇದು ಆಗದ ಮಾತು. ಕ್ಲೌನ್ ಮೀನಿನ ಜೋಡಿಗೆ ಸಾಕು. ಉದ್ದಕ್ಕೆ ಈಜುವ ಟ್ಯಾಂಗ್ ಎಂಬ ಕಡಲ ಮೀನಿಗೆ ಸಾಲದು.

ಅಂಗಡಿಗೆ ಮರಳಿಸುವುದು ಸುಲಭ, ಆಮೇಲೆ ಮೀನು ಯಾರ ಮನೆ ಸೇರುತ್ತದೋ! ವಾರದೊಳಗೆ ಊರು ಬಿಡುವವರಿಗೆ ಇದೇ ಸರಿ. ಪಳಗಿದ ಹವ್ಯಾಸಿಗೆ ಕೊಡುವುದಾದರೆ ಅಂಥವರಿಗಾಗಿ ಮೈಸೂರು, ಮಂಗಳೂರಿನವರೆಗೆ ಹುಡುಕಬೇಕಾದೀತು. ಘಟ್ಟದ ತಿರುವುಗಳಲ್ಲಿ ಆಮ್ಲಜನಕ ತುಂಬಿದ ಚೀಲ, ಥರ್ಮೋಕೋಲ್ ಪೆಟ್ಟಿಗೆ, ಮೀನಿಗೆ ಹಿಂದಿನ ದಿನ ಉಪವಾಸ. ವರ್ಷಗಟ್ಟಲೆ ಸಾಕಿದ ಮೀನಾದರೆ ನಾನು ಈ ತಾಪತ್ರಯಕ್ಕೇ ಒಪ್ಪುತ್ತೇನೆ.

ಹವಳ, ಕಡಲ್ಗುದುರೆ ಇದ್ದರೆ ಮೊದಲು ಅರಣ್ಯ ಇಲಾಖೆಯನ್ನು ಕೇಳಿ. ಅವು 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ.