ಪ್ಲಾಸ್ಮಾಗೆ ಯಾವ ಹೈವೋಲ್ಟೇಜ್? ನಿಯಾನ್ ಟ್ರಾನ್ಸ್‌ಫಾರ್ಮರ್, ಹಳೇ ಟಿವಿಯ ಫ್ಲೈಬ್ಯಾಕ್

ಗಾಜಿನ ಜಾರಿನೊಳಗೆ ಪ್ಲಾಸ್ಮಾ, ಅಂದರೆ ಕರೆಂಟ್ ಹರಿದು ಬೆಳಗುವ ಗಾಳಿ, ಮಕ್ಕಳಿಗೆ ತೋರಿಸಲು ಹೈವೋಲ್ಟೇಜ್ ಬೇಕಿತ್ತು. ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟವಾದದ್ದು ಫ್ಲೈಬ್ಯಾಕ್, ಹಳೇ ಟಿವಿಯ ಪರದೆಗೆ ಹೈವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್. ಟಿವಿ ಮೆಕ್ಯಾನಿಕ್‌ಗಳು ಇ.ಎಚ್.ಟಿ. ಅಂತಾರಲ್ಲ, ಅದೇ. ಆದರೆ ನಾನು ಮೊದಲು ದುಡ್ಡು ಹಾಕಿದ್ದು ಅಂಗಡಿಗಳ ಬಣ್ಣದ ದೀಪದ ಬೋರ್ಡ್ ಬೆಳಗಿಸುವ ಎಲೆಕ್ಟ್ರಾನಿಕ್ ನಿಯಾನ್ ಟ್ರಾನ್ಸ್‌ಫಾರ್ಮರ್‌ಗೆ.

ಮಡಿಕೇರಿಯ ನಮ್ಮ ಕಾಲೇಜ್ ಲ್ಯಾಬಿನಲ್ಲಿ ಒಂದು ಗಾಜಿನ ಜಾರ್ ಇದೆ. ಅದರಡಿ ಲೋಹದ ತಟ್ಟೆ, ಪಕ್ಕದಲ್ಲಿ ಗಾಳಿ ಹೊರಗೆಳೆಯುವ ರೋಟರಿ ಪಂಪ್. ಮಾಮೂಲಿ ಗಾಳಿಯಲ್ಲಿ ಒಂದು ಮಿಲಿಮೀಟರ್ ಸಂದಿಯಲ್ಲಿ ಕಿಡಿ ಹಾರಲು ಸುಮಾರು 3,000 ವೋಲ್ಟ್ ಬೇಕು. ಗಾಳಿ ಹೊರಗೆಳೆದರೆ ಕೆಲವು ಸೆಂಟಿಮೀಟರ್ ಸಂದಿಯೂ ಕೆಲವು ನೂರು ವೋಲ್ಟ್‌ಗೇ ಹೊತ್ತಿಕೊಳ್ಳುತ್ತದೆ. 1889ರಲ್ಲಿ ಜರ್ಮನ್ ಭೌತವಿಜ್ಞಾನಿ ಪಾಶೆನ್ ಕಂಡುಕೊಂಡ ನಿಯಮ ಇದೇ. ಹಾಗಾಗಿ ನಮಗೆ ಬೇಕಿದ್ದದ್ದು ಒಂದೆರಡು ಸಾವಿರ ವೋಲ್ಟ್, ಕೆಲವೇ ಮಿಲಿಆಂಪ್.

ನಿಯಾನ್ ಟ್ರಾನ್ಸ್‌ಫಾರ್ಮರ್ ತಂದ ದಿನ ಸ್ವಿಚ್ ಹಾಕಿದೆ. ಜಾರಿನಲ್ಲಿ ನೇರಳೆ ಬೆಳಕು ಮಿಣುಕಿತು, ಒಂದು ಸೆಕೆಂಡಿಗೆ ಆರಿತು. ಮತ್ತೆ ಹಾಕಿದೆ, ಮತ್ತೆ ಆರಿತು. ವ್ಯಾಕ್ಯೂಮ್ ಸೋರುತ್ತಿದೆ ಅಂದುಕೊಂಡೆ. ರಬ್ಬರ್ ರಿಂಗ್ ತೆಗೆದು ಒರೆಸಿ, ಗ್ರೀಸ್ ಹಚ್ಚಿ, ಎರಡು ದಿನ ಅದಕ್ಕೇ ಕೂತೆ. ಕೊನೆಗೆ ಬೋರ್ಡ್ ಬರೆಯುವ ಅಂಗಡಿಯವರಿಗೆ ಫೋನ್ ಮಾಡಿದೆ. "ಮೇಡಂ, ಒಂದು ವೈರ್‌ನ ಅರ್ತಿಂಗ್‌ಗೆ ಕೊಟ್ಟಿದೀರಾ? ಕೊಟ್ರೆ ಟ್ರಿಪ್ ಆಗೇ ಆಗುತ್ತೆ" ಅಂದರು.

ವಿಷಯ ಅಷ್ಟೇ. ಕರೆಂಟ್ ಭೂಮಿಗೆ ಸೋರಿದರೆ ತಾನೇ ಆಫ್ ಆಗುವ ವ್ಯವಸ್ಥೆ ಅದರೊಳಗಿದೆ. ಅಂಗಡಿ ಬೋರ್ಡಿಗೆ ಅದು ಒಳ್ಳೆಯದೇ. ನಮ್ಮ ತಟ್ಟೆಗೆ ಮಾತ್ರ ಅರ್ತ್ ಇರಲೇಬೇಕು, ಮಕ್ಕಳು ಮುಟ್ಟುವ ಜಾಗ ಅದು. ಅರ್ತ್ ಬಿಡಿಸಿ ನಡೆಸುವ ಮಾತೇ ಇಲ್ಲ.

ಎರಡೂ ತುದಿ ಗಾಜಿನೊಳಗೇ ಇರುವ ಬೇರೆ ಕೊಳವೆಗೆ ಹಾಕಿ ನೋಡಿದೆ. ಬೇಸಿಗೆಯಲ್ಲಿ ಚೆನ್ನಾಗಿ ನಡೆಯಿತು. ಜುಲೈ ಬಂತು. ಇಲ್ಲಿನ ಜಡಿಮಳೆಯಲ್ಲಿ ಗೋಡೆ, ಮೇಜು, ಪುಸ್ತಕ ಎಲ್ಲಾ ಥಂಡಿ ಹಿಡಿಯುತ್ತವೆ, ಗೊತ್ತಲ್ವಾ? ಕೊಳವೆಯ ಹೊರಮೈ ಮೇಲೆ ಕಣ್ಣಿಗೆ ಕಾಣದಷ್ಟು ತೇವ ಕೂತು, ಅದರಗುಂಟ ಕರೆಂಟ್ ಸೋರಿ, ಮತ್ತೆ ಟ್ರಿಪ್. ಹೇರ್ ಡ್ರೈಯರ್‌ನಿಂದ ಒಣಗಿಸಿದರೆ ಹತ್ತು ನಿಮಿಷ ಸರಿ, ಆಮೇಲೆ ಅದೇ ಕಥೆ. ಒಂದು ಪೀರಿಯಡ್ ಪೂರ್ತಿ ಹೀಗೇ ಹೋಯಿತು. ಮಕ್ಕಳ ಮುಖ ನೋಡಿ ಬೇಜಾರಾಯಿತು.

ನಿಯಾನ್‌ನದು ಎಸಿ ಬೇರೆ, ಪಾಸಿಟಿವ್ ನೆಗೆಟಿವ್ ಅದಲುಬದಲಾಗುತ್ತಲೇ ಇರುತ್ತವೆ. ಎರಡೂ ತುದಿ ಒಂದೇ ರೀತಿ ಬೆಳಗುತ್ತವೆ. ಕ್ಯಾಥೋಡ್, ಅಂದರೆ ನೆಗೆಟಿವ್ ತುದಿಯ, ಬಳಿಯ ಕಪ್ಪು ಪಟ್ಟಿ ಬೇರೆಯಾಗಿ ಕಾಣುವುದಿಲ್ಲ.

ಫ್ಲೈಬ್ಯಾಕ್ ನಮ್ಮನೆ ಅಟ್ಟದ ಮೇಲಿದ್ದ ಹಳೇ ಟಿವಿಯದು. ಬಿಚ್ಚಿಕೊಟ್ಟದ್ದು ಪರಿಚಯದ ಮೆಕ್ಯಾನಿಕ್. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಒಳಗೇ ಇದೆ, ಹಾಗಾಗಿ ಡಿಸಿ ಬರುತ್ತದೆ. ಕೆಂಪು ವೈರ್ ಪಾಸಿಟಿವ್, ಅದು ಮೇಲಿನ ಎಲೆಕ್ಟ್ರೋಡ್‌ಗೆ. ನೆಗೆಟಿವ್ ಅರ್ತ್ ಆದ ತಟ್ಟೆಗೆ. ಸುತ್ತೆಲ್ಲಾ ಎಪಾಕ್ಸಿ ಅಂಟು ತುಂಬಿರುವುದರಿಂದ ಮಳೆಗಾಲದ ತೇವ ಅದರೊಳಗೆ ಇಳಿಯುವುದಿಲ್ಲ. ಅದರ ಫೆರೈಟ್ ತಿರುಳಿನ ಮೇಲೆ ಐದೈದು ಸುತ್ತು ವೈರ್ ಸುತ್ತಿ, ಬ್ಯಾಟರಿಯ ಕರೆಂಟನ್ನು ವೇಗವಾಗಿ ಆನ್ ಆಫ್ ಮಾಡಿ ಫ್ಲೈಬ್ಯಾಕ್ ನಡೆಸುವ 450 ರೂಪಾಯಿಯ ಜೆಡ್‌ವಿಎಸ್ ಬೋರ್ಡ್ ಸೇರಿಸಿದೆ. 12 ವೋಲ್ಟ್ ಬ್ಯಾಟರಿ ಮನೆಯಲ್ಲೇ ಇತ್ತು.

ಒಂದು ಬೋರ್ಡ್ ಸುಟ್ಟಿತು. ಬ್ಯಾಟರಿ ಕ್ಲಿಪ್ ಸಡಿಲವಾಗಿತ್ತು. ವೋಲ್ಟೇಜ್ ಒಮ್ಮೆಲೇ ಸರಿಯಾಗಿ ಸಿಗದಿದ್ದರೆ ಬೋರ್ಡಿನ ಎರಡೂ ಮಾಸ್‌ಫೆಟ್ (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಒಟ್ಟಿಗೆ ಆನ್ ಆಗಿ ಸುಟ್ಟುಹೋಗುತ್ತವೆ. ದಪ್ಪ ವೈರ್, ಗಟ್ಟಿ ಸ್ವಿಚ್, ಒಂದು ಫ್ಯೂಸ್ ಹಾಕಿದ ಮೇಲೆ ತೊಂದರೆ ಇಲ್ಲ.

ಸರಣಿಯಲ್ಲಿ ಕರೆಂಟಿಗೆ ಮಿತಿ ಹಾಕುವ ರೆಸಿಸ್ಟರ್ ಮರೆಯಬೇಡಿ. ಪ್ಲಾಸ್ಮಾ ಹೊತ್ತಿದ ಮೇಲೆ ಗಾಳಿಯೇ ವಾಹಕವಾಗಿ ಕರೆಂಟ್ ಏರುತ್ತಲೇ ಹೋಗುತ್ತದೆ. ನಾನು 10 ಕಿಲೋಓಮ್‌ನ ಹತ್ತು ರೆಸಿಸ್ಟರ್ ಸಾಲಾಗಿ ಜೋಡಿಸಿದ್ದೇನೆ. ಆಫ್ ಮಾಡಿದ ಮೇಲೂ ಚಾರ್ಜ್ ಉಳಿದಿರುತ್ತದೆ. ತುದಿಯ ಲೋಹಕ್ಕೆ ಅರ್ತ್ ವೈರ್ ಕಟ್ಟಿದ ಕೋಲನ್ನು ಮೇಲಿನ ಎಲೆಕ್ಟ್ರೋಡ್‌ಗೆ ಮುಟ್ಟಿಸಿಯೇ ಜಾರ್ ತೆಗೆಯುವುದು, ಒಬ್ಬರೇ ಇದ್ದಾಗ ಈ ಕೆಲಸ ಮುಟ್ಟುವುದೇ ಇಲ್ಲ.

ಮೈಕ್ರೋವೇವ್ ಓವನ್ ಟ್ರಾನ್ಸ್‌ಫಾರ್ಮರ್ ಬಗ್ಗೆ ಹುಡುಗರು ಕೇಳುತ್ತಾರೆ. ಸುಮಾರು 2,000 ವೋಲ್ಟ್, ಅದೂ ನೂರಾರು ಮಿಲಿಆಂಪ್. ಮುಟ್ಟಿದರೆ ಜೀವ ಹೋಗುತ್ತದೆ. ನಮ್ಮ ಲ್ಯಾಬಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ಕಂಪನಿಯ ರೆಡಿಮೇಡ್ ಸಪ್ಲೈ ನಮ್ಮ ಬಜೆಟ್‌ಗೆ ಎಟುಕುವುದಿಲ್ಲ.

ನಿಮ್ಮ ಊರಲ್ಲಿ ಮಳೆ ಕಡಿಮೆ, ಕೊಳವೆ ಪೂರ್ತಿ ಗಾಜಿನದು, ಬರೀ ಬೆಳಕು ಕಂಡರೆ ಸಾಕು ಅನ್ನುವವರು ನಿಯಾನ್ ತಗೊಳ್ಳಿ. ನನಗೆ ಫ್ಲೈಬ್ಯಾಕೇ ಸರಿ. ಹೋದ ವಾರ ಪಾಠದ ನಡುವೆ ಕರೆಂಟ್ ಹೋಯಿತು. ಪಂಪ್ ನಿಂತಿತು, ಓಡಿಹೋಗಿ ವಾಲ್ವ್ ಮುಚ್ಚಿದೆ. ಕತ್ತಲಾದ ಲ್ಯಾಬಿನಲ್ಲಿ ಬ್ಯಾಟರಿ ಮೇಲೆ ಜಾರ್ ಉರಿಯುತ್ತಲೇ ಇತ್ತು. ತಟ್ಟೆಯ ಹತ್ತಿರ ನೀಲಿ, ನಡುವೆ ಕಪ್ಪು ಪಟ್ಟಿ, ಮೇಲೆ ಗುಲಾಬಿ. ಹಿಂದಿನ ಬೆಂಚಿನವರೂ ಎದ್ದು ಬಂದು ನೋಡಿದರು.