ಕಲಬುರಗಿ ಬಿಸಿಲಲ್ಲಿ ಐದು ವರ್ಷ: ಕಾರು ಚೆನ್ನಾಗಿದೆ, ಜಗಳ ನೀರಿನದ್ದು

ಮೈಲೇಜ್, ಪಿಕಪ್, ಡಿಕ್ಕಿ ಜಾಗ ಎಲ್ಲ ನೀವು ಓದಿರುತ್ತೀರಿ. ಐದು ವರ್ಷದ ನನ್ನ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ನ ಬಾನೆಟ್ ಒಳಗಿನ ವಿಷಯ ಮಾತ್ರ ಬರೆಯುತ್ತೇನೆ.

ಈ ಗಾಡಿಯಲ್ಲಿ ನನಗೆ ತುಂಬಾ ಹಿಡಿಸಿದ್ದು, ಮನೆಯಲ್ಲೇ ನೋಡಿಕೊಳ್ಳಬೇಕಾದದ್ದೆಲ್ಲ ಕೈಗೆ ಸಿಗುತ್ತದೆ. ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಬಾನೆಟ್ ಎತ್ತುತ್ತೇನೆ. ಗಾಡಿ ಸಮ ನೆಲದ ಮೇಲಿರಬೇಕು. ಡಿಪ್‌ಸ್ಟಿಕ್, ಅಂದರೆ ಎಂಜಿನ್ ಆಯಿಲ್ ಅಳೆಯುವ ಕಡ್ಡಿ, ಎಳೆದು, ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಬಿಟ್ಟು ಮತ್ತೆ ಎಳೆಯುವುದು. ಆಯಿಲ್ ಎರಡು ಗುರುತಿನ ನಡುವೆ ಇದ್ದರೆ ಸಾಕು. ಮೇಲಿನ ಗುರುತು ದಾಟಿಸಿ ಸುರಿದರೆ ಒಳಗೆ ನೊರೆ ಬರುತ್ತದೆ, ಅದೂ ಕೆಟ್ಟದ್ದೇ. ಆಯಿಲ್ ಕಪ್ಪಾಗಿದೆ ಅಂತ ಹೆದರಬೇಡಿ. ಹಾಲು ಜಾಸ್ತಿಯಾದ ಚಹಾದ ಹಾಗೆ ಕಂಡರೆ ಮಾತ್ರ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ನನ್ನು ಕರೆಸಿ, ನೀರು ಸೇರಿರಬಹುದು.

ಏರ್ ಫಿಲ್ಟರ್ ಕ್ಲಿಪ್ ಬಿಚ್ಚಿದರೆ ಬಂತು. ಸೇಡಂ ಕಡೆ ಸಿಮೆಂಟ್ ಲಾರಿಗಳ ಹಿಂದೆ ಓಡಾಡುವವರು, ತೊಗರಿ ರಾಶಿ ದಿನಗಳಲ್ಲಿ ಹಳ್ಳಿಗೆ ಹೋಗಿಬರುವವರು ಧೂಳು ತುಂಬಿದ ಫಿಲ್ಟರ್ ಬದಲಿಸಲು ಗಾಡಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ತನಕ ಕಾಯಬೇಡಿ.

ಈಗ ಸಿಟ್ಟಿನ ವಿಷಯ. ಸರ್ವಿಸ್‌ಗೆ ಬಿಟ್ಟ ಗಾಡಿ ಮನೆಗೆ ಬಂದ ಮೇಲೆ ನೋಡಿದರೆ, ಎಂಜಿನ್ ತಂಪಾಗಿಡುವ ಗುಲಾಬಿ ಬಣ್ಣದ ದ್ರವ, ಕೂಲಂಟ್, ಬರೇ ನೀರಿನಷ್ಟು ತೆಳ್ಳಗಾಗಿತ್ತು. ಕೇಳಿದ್ದಕ್ಕೆ ಹುಡುಗ, "ಬೋರ್ ನೀರ್ ಹಾಕೀನ್ರಿ ಸರ್ರ, ಏನೂ ಆಗಂಗಿಲ್ರಿ" ಅಂದ. ಆಗುತ್ತೆ ತಮ್ಮಾ! ನಮ್ಮ ನೆಲದ ಕೆಳಗಿರುವುದೇ ಸುಣ್ಣದ ಕಲ್ಲು, ಶಹಾಬಾದ್ ಕಲ್ಲು ಅಂದರೂ ಅದೇ. ಇಲ್ಲಿನ ಬೋರ್ ನೀರು ಗೀಸರ್ ಕಾಯಿಲ್‌ಗೆ ಬಿಳಿ ಪದರ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ, ಅಲ್ವಾ? ಕೂಲಂಟ್‌ನ ಬಿಸಿ ಆರಿಸುವ ರೇಡಿಯೇಟರ್‌ನ ಸಣ್ಣ ನಳಿಗೆಗಳಲ್ಲೂ ಅದೇ ಕಟ್ಟುತ್ತದೆ. ಮೇಲಿಂದ ನೀರು ಜಾಸ್ತಿಯಾದಷ್ಟೂ ಕೂಲಂಟ್‌ಗೆ ತುಕ್ಕು ತಡೆಯುವ ಶಕ್ತಿ ಕಡಿಮೆ, ಕುದಿಯುವುದೂ ಬೇಗ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಲ್ಲಿ ಇದು ಸಣ್ಣ ವಿಷಯವಲ್ಲ.

ರಿಂಗ್ ರೋಡಿನ ಒಂದು ಸಣ್ಣ ಗ್ಯಾರೇಜಿನಲ್ಲಿ ಹಳೇ ಕೂಲಂಟ್ ಎಲ್ಲ ತೆಗೆಸಿ, ಒಳಗೆ ತೊಳೆಸಿ ಪೂರ್ತಿ ಫ್ಲಶ್ ಮಾಡಿಸಿದೆ. ಅಲ್ಲಿನ ಚಾಚಾ ರೇಡಿಯೇಟರ್ ಮುಚ್ಚಳ ತೆಗೆದು, ರಬ್ಬರ್ ಸುತ್ತ ಕೂತಿದ್ದ ಬಿಳಿ ಪುಡಿಯನ್ನು ಉಗುರಿನಿಂದ ಕೆರೆದು ತೋರಿಸಿದರು. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ ನನ್ನೆದುರೇ ತುಂಬಿದರು. ಮೊದಲೇ ಬೆರೆಸಿದ ಕ್ಯಾನ್ ತಂದರೆ ಅದಕ್ಕೆ ಮತ್ತೆ ನೀರು ಸೇರಿಸಬಾರದು. ಯಾವ ಕೂಲಂಟ್ ಎಂಬುದನ್ನು ಬಣ್ಣ ನೋಡಿ ಆರಿಸಬೇಡಿ, ಗಾಡಿಯ ಪುಸ್ತಕ ನೋಡಿ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಬಿಸಿ ಎಂಜಿನ್ ಮೇಲೆ ರೇಡಿಯೇಟರ್ ಮುಚ್ಚಳ ತಿರುಗಿಸಬೇಡಿ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲವಾದರೆ ಮುಖಕ್ಕೇ ಚಿಮ್ಮುತ್ತದೆ. ಕೆಲವು ಗಾಡಿಗಳಲ್ಲಿ ಎಂಜಿನ್ ನಿಲ್ಲಿಸಿದ ಮೇಲೂ ಫ್ಯಾನ್ ತಾನೇ ತಿರುಗುತ್ತದೆ, ಹಾಗಾಗಿ ಟವೆಲ್, ಓಢಣಿ, ಬೆರಳು ದೂರ ಇರಲಿ.

ಇದೇ ಬಜೆಟ್‌ನಲ್ಲಿ ಮತ್ತೆ ಕೊಳ್ಳುವುದಾದರೆ ಇದೇ ಕಾರು ಕೊಳ್ಳುತ್ತೇನೆ. ಆದರೆ ಸರ್ವಿಸ್‌ಗೆ ಬಿಡುವಾಗ ಜಾಬ್ ಕಾರ್ಡ್ ಮೇಲೆ "ಕೂಲಂಟ್‌ಗೆ ನೀರು ಹಾಕಬಾರದು" ಎಂದು ಬರೆಸಿ, ಫೋಟೋ ತೆಗೆದುಕೊಂಡೇ ಬೀಗದ ಕೈ ಕೊಡುತ್ತೇನೆ.