ಐದನೇ ಸುತ್ತಿಗೆ ಯಾವ ಕಾರು? ಒಂದೇ ಟ್ರ್ಯಾಕಿನಲ್ಲಿ ರೋಡ್‌ಸ್ಟರ್ ಮತ್ತು ಹಾಟ್ ಹ್ಯಾಚ್

ಕಾರು ಕ್ಲಬ್ಬಿನ ಕೂಟ ಅಂದಮೇಲೆ ಈ ಜಗಳ ಇದ್ದದ್ದೇ: ಹಗುರ ಕಾರು ಮೇಲೋ, ಪವರ್ ಇರುವ ಕಾರು ಮೇಲೋ? ಬಾನೆಟ್ ಎತ್ತಿ ನಿಲ್ಲಿಸಿಕೊಂಡು ಈ ಮಾತನ್ನು ಸಂಜೆಯವರೆಗೂ ಎಳೆಯಬಹುದು, ಯಾರೂ ಸೋಲುವುದಿಲ್ಲ. ಕೂಟದ ಬೆನ್ನಿಗೇ ಟ್ರ್ಯಾಕ್ ಡೇ (ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಇದ್ದರೆ ಮಾತ್ರ ಬಾಯಿಮಾತಿಗೆ ಲೆಕ್ಕ ಕೊಡಬೇಕಾಗುತ್ತದೆ. ಹಾಗಾಗಿ ನಾನೂ ಕ್ಲಬ್ಬಿನ ಗೆಳೆಯನೂ ಕೀ ಅದಲು ಬದಲು ಮಾಡಿಕೊಂಡು, ಒಂದೇ ಗುಂಪಿನಲ್ಲಿ ಎರಡೂ ಕಾರು ಓಡಿಸಿದೆವು.

ಅವನದು ಎರಡೇ ಸೀಟಿನ, ಟಾಪ್ ತೆಗೆಯುವ ರೋಡ್‌ಸ್ಟರ್. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಮತ್ತೆ ಚಾಲ್ತಿಗೆ ತಂದ ಬಗೆ ಅದು: ಮುಂದೆ ಟರ್ಬೊ ಇಲ್ಲದ ಎಂಜಿನ್, ಹಿಂದಿನ ಚಕ್ರಗಳಿಗೆ ಎಳೆತ, ತೂಕ ಒಂದು ಟನ್ನಿನ ಆಸುಪಾಸು, ಸುಮಾರು 180 ಅಶ್ವಶಕ್ತಿ. ನನ್ನದು 1976ರಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಜನಪ್ರಿಯಗೊಳಿಸಿದ ಹಾಟ್ ಹ್ಯಾಚ್ (ಪವರ್ ಹೆಚ್ಚಿರುವ ಹ್ಯಾಚ್‌ಬ್ಯಾಕ್) ಜಾತಿಯದು: ಟರ್ಬೊ ಎಂಜಿನ್, ಮುಂದಿನ ಚಕ್ರಗಳಿಗೆ ಎಳೆತ, ಐದು ಬಾಗಿಲು, 1,400 ಕೆ.ಜಿ. ಹತ್ತಿರದ ತೂಕ, 240 ಚಿಲ್ಲರೆ ಅಶ್ವಶಕ್ತಿ. ನಾವು ಓಡಿಸಿದ್ದು ಯಾವ ಕಂಪನಿಯ ಯಾವ ಮಾಡೆಲ್ ಎಂಬುದು ಇಲ್ಲಿ ಮುಖ್ಯವಲ್ಲ. ಕೆಳಗೆ ಹೇಳುವುದೆಲ್ಲ ಈ ಎರಡು ಬಗೆಗೇ ಅಂಟಿಕೊಂಡ ಗುಣಗಳು. ನಾನು ಹ್ಯಾಚ್ ಪಕ್ಷದವನು ಎಂಬುದನ್ನು ಮಾತ್ರ ಓದುವಾಗ ನೆನಪಿಟ್ಟುಕೊಳ್ಳಿ.

ಅಳೆದದ್ದು ಹೇಗೆ ಅಂದರೆ, ಅತಿ ವೇಗದ ಸುತ್ತನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತಣ್ಣಗಿರುವ ಕಾರು ಒಂದು ಸುತ್ತಿಗೆ ಏನು ಬೇಕಾದರೂ ಮಾಡಿ ತೋರಿಸುತ್ತದೆ. ನಾನು ನೋಡಿದ್ದು ಐದನೇ ಸುತ್ತನ್ನು. ಬ್ರೇಕ್ ಕಾದಿರುತ್ತದೆ, ಟಯರ್ ಊದಿರುತ್ತದೆ, ಎಂಜಿನ್ ಆಯಿಲ್ ಬಿಸಿಯಾಗಿರುತ್ತದೆ, ಓಡಿಸುವವನ ತಲೆಯೂ ಸ್ವಲ್ಪ ಕಾದಿರುತ್ತದೆ. ಮೊದಲ ಸುತ್ತಿನಲ್ಲಿ ಬ್ರೇಕ್ ಒತ್ತಿದ ಜಾಗದಲ್ಲೇ ಆಗಲೂ ಒತ್ತುವ ಧೈರ್ಯ ಇದೆಯಾ? ನನಗೆ ಬೇಕಾಗಿದ್ದ ಉತ್ತರ ಅದೊಂದೇ.

ಕೂಟದ ಮಟ್ಟಿಗೆ ಹೆಚ್ಚು ಹೇಳುವುದೇನಿಲ್ಲ. ಸಾಲಾಗಿ ನಿಲ್ಲಿಸಿದರೆ ಜನ ಸೇರುವುದು ರೋಡ್‌ಸ್ಟರ್ ಸುತ್ತ. ಟಾಪ್ ಇಳಿಸಿದ ಕಾರಿನೊಳಗೆ ಯಾರು ಬೇಕಾದರೂ ಇಣುಕಬಹುದು, ಇಣುಕಿದವರು ಕೂತು ನೋಡುತ್ತಾರೆ, ಕೂತವರು ಮಾತಿಗಿಳಿಯುತ್ತಾರೆ. ನನ್ನ ಹ್ಯಾಚ್ ಹತ್ತಿರ ಬಂದವರು ಕೇಳಿದ್ದು "ಇಸಿಯು ಮ್ಯಾಪ್ ಮಾಡಿಸಿದ್ದೀರಾ?" ಅಂತ ಒಂದೇ ಪ್ರಶ್ನೆ, ಅಂದರೆ ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿ ಪವರ್ ಏರಿಸಿದ್ದೀರಾ ಅಂತ. ಸಾಮಾನು ಹೊರುವ ವಿಷಯ ಬಂದಾಗ ಅದೇ ಜನ ನನ್ನ ಕಡೆ ತಿರುಗಿದರು. ಈಗಿನ ಎಂಎಕ್ಸ್-5ರ ಡಿಕ್ಕಿ 130 ಲೀಟರ್, ಏಳನೇ ತಲೆಮಾರಿನ ಗಾಲ್ಫ್‌ನದು 380 ಲೀಟರ್. ಜ್ಯಾಕ್, ಟಾರ್ಕ್ ರೆಂಚ್, ಹೆಲ್ಮೆಟ್, ಗಾಳಿ ತುಂಬುವ ಪಂಪ್, ಬ್ರೇಕ್ ಆಯಿಲ್ ಡಬ್ಬಿ, ಮಡಚುವ ಕುರ್ಚಿ ಎಲ್ಲವೂ ಹ್ಯಾಚ್‌ನಲ್ಲಿ ಕೂತ ಮೇಲೂ ಗೆಳೆಯನ ಚೀಲಕ್ಕೆ ಜಾಗ ಉಳಿದಿತ್ತು. ರೋಡ್‌ಸ್ಟರ್ ಇಟ್ಟುಕೊಂಡವರಿಗೆ ಹ್ಯಾಚ್ ಇರುವ ಗೆಳೆಯರು ಬೇಕು. ಇದನ್ನು ಅವನೂ ಒಪ್ಪಿಕೊಂಡ.

ಟ್ರ್ಯಾಕಿಗೆ ಇಳಿಯುವ ಮುನ್ನ ನಡೆಯುವ ತಪಾಸಣೆಯ ಹೊತ್ತಿಗೆ ರೋಡ್‌ಸ್ಟರ್‌ಗೆ ಒಂದು ತಕರಾರು ಎದುರಾಗುವುದು ಮಾಮೂಲು. ಟಾಪ್ ತೆಗೆಯುವ ಕಾರುಗಳಿಗೆ ಹಲವು ಟ್ರ್ಯಾಕ್‌ಗಳಲ್ಲಿ ರೋಲ್ ಬಾರ್ (ಕಾರು ಮಗುಚಿದರೆ ತಲೆ ಕಾಯಲು ಸೀಟಿನ ಹಿಂದೆ ಹಾಕುವ ಕಬ್ಬಿಣದ ಕಮಾನು) ಕಡ್ಡಾಯ. ಅದು ಇದ್ದರೆ ಸಾಲದು, ರೋಲ್ ಬಾರ್ ತುದಿಯಿಂದ ಮುಂಗಾಜಿನ ತುದಿಗೆ ಒಂದು ಉದ್ದನೆ ಕೋಲು ಇಟ್ಟು, ಹೆಲ್ಮೆಟ್ ಹಾಕಿಕೊಂಡ ತಲೆ ಅದಕ್ಕಿಂತ ಕೆಳಗಿದೆಯೇ ಎಂದು ನೋಡುತ್ತಾರೆ. ಎತ್ತರದವರು ಇಲ್ಲೇ ಹೊರಬೀಳುತ್ತಾರೆ. ಸೀಟಿನ ಸ್ಪಂಜು ಕತ್ತರಿಸಿ ತೆಳ್ಳಗೆ ಮಾಡಿಸುವವರೂ ಇದ್ದಾರೆ. ಹ್ಯಾಚ್‌ಗೆ ಈ ಕಾಟವಿಲ್ಲ. ಹೆಲ್ಮೆಟ್ ಕೊಳ್ಳುವವರಿಗೆ ಒಂದು ಮಾತು: ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಮುದ್ರೆಯಲ್ಲಿ ಎಸ್‌ಎ ಎಂದಿದ್ದರೆ ಕಾರಿಗೆ, ಎಂ ಎಂದಿದ್ದರೆ ಬೈಕಿಗೆ. ಬೆಂಕಿ ತಾಳುವ ಪರೀಕ್ಷೆ ಇರುವುದು ಎಸ್‌ಎಗೆ ಮಾತ್ರ. ಎರಡೂ ಕಾರುಗಳ ಮಾಲೀಕರು ಮರೆಯಬಾರದ ಇನ್ನೊಂದು ಕಾಗದದ ಕೆಲಸವಿದೆ. ಸಾಮಾನ್ಯ ವಾಹನ ವಿಮೆ ಬಹುತೇಕ ಟ್ರ್ಯಾಕಿನ ಗೇಟಿನಲ್ಲೇ ನಿಂತುಬಿಡುತ್ತದೆ, ಪಾಲಿಸಿಯ ಸಣ್ಣಕ್ಷರ ಓದಿಕೊಂಡೇ ಹೋಗಿ.

ಇನ್ನು ಟ್ರ್ಯಾಕ್. ಮೊದಲ ಎರಡು ಸುತ್ತು ಹ್ಯಾಚ್‌ನದೇ ರಾಜ್ಯ. ತಿರುವಿನಿಂದ ಹೊರಬಿದ್ದು ಆಕ್ಸಿಲರೇಟರ್ ಒತ್ತಿದರೆ ಟರ್ಬೊ ಕೆಳಗಿನ ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ ಸುತ್ತುವ ಎಣಿಕೆ) ಎಳೆಯತೊಡಗುತ್ತದೆ. ಗೇರ್ ಒಂದು ಮೇಲಿದ್ದರೂ ಅದು ಬೇಸರಿಸಿಕೊಳ್ಳುವುದಿಲ್ಲ. ಉದ್ದನೆ ನೇರ ಹಾದಿಯ ಕೊನೆಗೆ ಮೀಟರು ಗಂಟೆಗೆ 180 ಕಿ.ಮೀ. ತೋರಿಸುವಲ್ಲಿ ರೋಡ್‌ಸ್ಟರ್ 165ರಲ್ಲಿರುತ್ತಿತ್ತು. ಅದರ ಎಂಜಿನ್ನಿಗೆ ಪ್ರಾಣ ಬರುವುದೇ ಮೇಲಿನ ಆರ್‌ಪಿಎಂನಲ್ಲಿ. ಸೂಜಿ 5,000 ದಾಟದಿದ್ದರೆ ಹಿಂದಿನವರು ಕನ್ನಡಿ ತುಂಬ ಕಾಣಿಸಿಕೊಳ್ಳುತ್ತಾರೆ. ತಪ್ಪು ಗೇರಿನಲ್ಲಿ ತಿರುವಿಗೆ ಇಳಿದರೆ ಹ್ಯಾಚ್ ಕ್ಷಮಿಸುತ್ತದೆ, ರೋಡ್‌ಸ್ಟರ್ ಕ್ಷಮಿಸುವುದಿಲ್ಲ.

ಮೂರನೇ ಸುತ್ತಿನಿಂದ ಚಿತ್ರ ಬದಲಾಯಿತು. ಕಾರಣವಾದದ್ದು ಬ್ರೇಕ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕ್ಲಬ್ಬಿನ ಮಾತುಕತೆಯಲ್ಲಿ ಅಶ್ವಶಕ್ತಿಗೆ ಸಿಗುವ ಮರ್ಯಾದೆಯ ಕಾಲುಭಾಗವೂ ಬ್ರೇಕಿಗೆ ಸಿಗುವುದಿಲ್ಲ.

ಬ್ರೇಕ್ ಮಾಡುವ ಕೆಲಸ ಇಷ್ಟೇ: ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪ್ಯಾಡುಗಳಿಂದ ಒತ್ತಿ ಹಿಡಿದು, ಕಾರಿನ ಚಲನೆಯನ್ನು ಶಾಖವಾಗಿಸುವುದು. ಆ ಶಾಖ ತೂಕಕ್ಕೆ ತಕ್ಕಂತೆ ಏರುತ್ತದೆ, ವೇಗಕ್ಕಾದರೆ ವರ್ಗದ ಲೆಕ್ಕದಲ್ಲಿ ಏರುತ್ತದೆ (ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು). ಓಡಿಸುವವನನ್ನೂ ಸೇರಿಸಿ ರೋಡ್‌ಸ್ಟರ್ 1,130 ಕೆ.ಜಿ. ಎಂದಿಟ್ಟುಕೊಳ್ಳಿ. 165ರಿಂದ 70 ಕಿ.ಮೀ.ಗೆ ಇಳಿಸುವಾಗ ಹೊರಬೀಳುವ ಶಕ್ತಿ ಸುಮಾರು 9.7 ಲಕ್ಷ ಜೂಲ್. ಹ್ಯಾಚ್ 1,450 ಕೆ.ಜಿ. ಎಂದುಕೊಂಡು 180ರಿಂದ ಅದೇ 70ಕ್ಕೆ ಇಳಿಸಿದರೆ 15 ಲಕ್ಷ ಜೂಲ್ ದಾಟುತ್ತದೆ. ಅಂದರೆ ಒಂದೂವರೆ ಪಟ್ಟಿಗೂ ಮಿಗಿಲು, ಅದೂ ಒಂದೇ ತಿರುವಿನಲ್ಲಿ. ನೇರ ಹಾದಿಯಲ್ಲಿ ಗಳಿಸಿದ 15 ಕಿ.ಮೀ. ವೇಗಕ್ಕೆ ಡಿಸ್ಕುಗಳು ಸುತ್ತುಸುತ್ತಿಗೂ ಬಡ್ಡಿ ಕಟ್ಟುತ್ತವೆ. ಮುಂದಿನ ಎಳೆತದ ಕಾರಿನಲ್ಲಿ ತೂಕ ಮೊದಲೇ ಮುಂದೆ ಕೂತಿರುತ್ತದೆ, ಬ್ರೇಕ್ ಒತ್ತಿದಾಗ ಇನ್ನಷ್ಟು ಮುಂದಕ್ಕೆ ವಾಲುತ್ತದೆ. ಬಹುಪಾಲು ಹೊರೆ ಮುಂದಿನ ಜೋಡಿ ಪ್ಯಾಡಿನ ಮೇಲೇ ಬೀಳುತ್ತದೆ.

ನಾಲ್ಕನೇ ಸುತ್ತಿಗೆ ಹ್ಯಾಚ್‌ನಲ್ಲಿ ಪೆಡಲ್ ಗಟ್ಟಿಯಾಗಿಯೇ ಇತ್ತು, ಆದರೆ ಕಾರು ನಿಲ್ಲಲು ಮನಸ್ಸು ಮಾಡುತ್ತಿರಲಿಲ್ಲ. ಇದು ಪ್ಯಾಡ್ ಸುಸ್ತಾದ ಗುರುತು. ರಸ್ತೆಗೆಂದು ಮಾಡಿದ ಪ್ಯಾಡ್ ಒಂದು ಮಿತಿಗಿಂತ ಬಿಸಿಯಾದರೆ ಹಿಡಿತ ಕಳೆದುಕೊಳ್ಳುತ್ತದೆ. ಇನ್ನೊಂದು ಬಗೆಯ ಸುಸ್ತು ಇದಕ್ಕಿಂತ ಅಪಾಯಕಾರಿ. ಪೆಡಲ್ ಮೆತ್ತಗಾಗಿ ನೆಲದ ಕಡೆಗೆ ಇಳಿಯುತ್ತದೆ. ಅದಾಗುವುದು ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆ ಕಟ್ಟಿದಾಗ. ಬ್ರೇಕ್ ಆಯಿಲ್‌ನ ದರ್ಜೆಗಳಲ್ಲೊಂದಾದ ಡಾಟ್ 4ರ ಕುದಿಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು ಎನ್ನುತ್ತದೆ ಮಾನದಂಡ. ಅದು ಗಾಳಿಯ ತೇವ ಹೀರಿ 3.7 ಶೇಕಡ ನೀರು ಸೇರಿದ ಸ್ಥಿತಿಗೆ ನಿಗದಿಯಾಗಿರುವ ಕನಿಷ್ಠ ಬರೀ 155. ಡಾಟ್ 5.1ಕ್ಕೆ ಇವೇ ಅಂಕಿಗಳು 260 ಮತ್ತು 180. ರೇಸಿಗೆಂದೇ ಮಾಡಿದವು ಹೊಸದರಲ್ಲಿ 300 ಡಿಗ್ರಿ ದಾಟುತ್ತವೆ. ನಾವಿಬ್ಬರೂ ಹೊರಡುವ ಮುನ್ನ ಹೊಸ ಆಯಿಲ್ ಹಾಕಿಸಿದ್ದರಿಂದ ಪೆಡಲ್ ಇಳಿಯುವ ಅನುಭವ ಯಾರಿಗೂ ಆಗಲಿಲ್ಲ. ಹೆಸರು ಹತ್ತಿರವಿದೆಯೆಂದು ಡಾಟ್ 5 ಸುರಿಯಬೇಡಿ. ಅದು ಸಿಲಿಕೋನ್ ಜಾತಿಯದು, ಇವುಗಳ ಜೊತೆ ಬೆರೆಸುವಂತಿಲ್ಲ.

ರೋಡ್‌ಸ್ಟರ್ ಐದನೇ ಸುತ್ತಿನಲ್ಲೂ ಮೊದಲ ಸುತ್ತಿನ ಜಾಗದಲ್ಲೇ ಬ್ರೇಕ್ ಹಿಡಿಯುತ್ತಿತ್ತು, ಎಂಟನೆಯದರಲ್ಲೂ ಅಷ್ಟೇ. ಡಿಸ್ಕ್ ಗಾತ್ರದಲ್ಲಿ ಅದು ನನ್ನ ಕಾರಿಗಿಂತ ಚಿಕ್ಕದು! ದೊಡ್ಡ ಡಿಸ್ಕ್ ತೋರಿಸಿ ಬೀಗುವವರು ಇದನ್ನು ಒಮ್ಮೆ ಯೋಚಿಸಬೇಕು.

ಬಿಸಿ ಬ್ರೇಕಿನ ಕಥೆ ಪಿಟ್ಟಿಗೆ (ಟ್ರ್ಯಾಕ್ ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗ) ಬಂದ ಮೇಲೂ ಮುಗಿಯುವುದಿಲ್ಲ. ಕೊನೆಯ ಸುತ್ತನ್ನು ನಿಧಾನವಾಗಿ, ಬ್ರೇಕ್ ಮುಟ್ಟದಂತೆ ಓಡಿಸಿ ಗಾಳಿ ತಗಲಿಸಬೇಕು. ನಿಲ್ಲಿಸಿದ ಮೇಲೆ ಪಾರ್ಕಿಂಗ್ ಬ್ರೇಕ್ ಎಳೆಯಬಾರದು, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡಗಟ್ಟೆ ಇಡಬೇಕು. ಕೈಲಿವರ್ ಇರುವ ರೋಡ್‌ಸ್ಟರ್‌ನಲ್ಲಿ ಇದು ಸಲೀಸು. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಕೆಲವು ಕಾರುಗಳು ಇಳಿದ ತಕ್ಷಣ ತಾವೇ ಕಚ್ಚಿಕೊಳ್ಳುತ್ತವೆ. ಅದನ್ನು ತಪ್ಪಿಸುವುದು ಹೇಗೆಂದು ಕೈಪಿಡಿಯಲ್ಲಿ ಮೊದಲೇ ಹುಡುಕಿಟ್ಟುಕೊಳ್ಳಿ.

ಟಯರ್ ವಿಷಯದಲ್ಲೂ ಫಲಿತಾಂಶ ಹೆಚ್ಚುಕಡಿಮೆ ಇದೇ. ಎರಡೂ ಕಾರಿಗೆ ಒಳ್ಳೆಯ ರಸ್ತೆ ಟಯರ್ ಇದ್ದವು, ಟ್ರ್ಯಾಕಿಗೆ ಹೊಂದುವ ಸೆಮಿ-ಸ್ಲಿಕ್ ಅಲ್ಲ. ತಣ್ಣಗಿದ್ದಾಗ 32 ಪಿಎಸ್‌ಐ ಇದ್ದ ಹ್ಯಾಚ್‌ನ ಮುಂದಿನ ಟಯರ್ ಸೆಷನ್ (ಟ್ರ್ಯಾಕಿನಲ್ಲಿ ಓಡಿಸಲು ಕೊಡುವ ಒಂದು ಅವಧಿ) ಮುಗಿದಾಗ 38 ಮುಟ್ಟಿತ್ತು. ಬಿಸಿಯಿದ್ದಾಗಲೇ ಗಾಳಿ ಇಳಿಸಿದರೆ ಹಿಡಿತ ಮರಳುತ್ತದೆ, ಸಂಜೆ ಮನೆಗೆ ಹೊರಡುವ ಮುನ್ನ ಮತ್ತೆ ತುಂಬಬೇಕಷ್ಟೇ. ಮುಂದಿನ ಎಳೆತದಲ್ಲಿ ತಿರುಗಿಸುವುದು, ಎಳೆಯುವುದು, ಹೆಚ್ಚಿನ ಬ್ರೇಕ್ ಹೊರುವುದು ಎಲ್ಲಾ ಅದೇ ಎರಡು ಟಯರ್. ಹಿಂದಿನವು ಸವಾರಿ ಬಂದವರ ಹಾಗೆ ಹಿಂಬಾಲಿಸುತ್ತವೆ. ದಿನ ಮುಗಿದಾಗ ಹ್ಯಾಚ್‌ನ ಮುಂದಿನ ಹೊರ ಅಂಚುಗಳು ತುರಿದಂತಾಗಿದ್ದವು, ರೋಡ್‌ಸ್ಟರ್‌ನಲ್ಲಿ ನಾಲ್ಕೂ ಹೆಚ್ಚುಕಡಿಮೆ ಸಮನಾಗಿ ಸವೆದಿದ್ದವು.

ತಿರುವುಗಳ ಬಗ್ಗೆ ಹೇಳುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ರೋಡ್‌ಸ್ಟರ್ ವಾಲುತ್ತದೆ, ನೋಡುವವರಿಗೆ ಈಗ ಮಗುಚಿತೇನೋ ಅನ್ನಿಸುವಷ್ಟು. ಆದರೆ ಒಳಗೆ ಕೂತವನಿಗೆ ಆ ವಾಲುವಿಕೆಯೇ ಸುದ್ದಿ. ಯಾವ ಚಕ್ರದ ಮೇಲೆ ಭಾರ ಬಿತ್ತು, ಹಿಡಿತ ಎಷ್ಟು ಉಳಿದಿದೆ ಎಂಬುದು ಸೊಂಟಕ್ಕೇ ಗೊತ್ತಾಗುತ್ತದೆ. ಏಪೆಕ್ಸ್ (ತಿರುವಿನ ಒಳ ಅಂಚಿಗೆ ಕಾರು ಅತಿ ಹತ್ತಿರ ಬರುವ ಜಾಗ) ದಾಟಿ ಆಕ್ಸಿಲರೇಟರ್ ಒತ್ತಿದಷ್ಟೂ ಹಿಂಭಾಗ ತುಸು ತುಸುವಾಗಿ ತಿರುಗುತ್ತದೆ, ಸ್ಟೀರಿಂಗ್ ಅರ್ಧ ಕೆಲಸ ಕಾಲಿಗೆ ಬಿಟ್ಟುಕೊಡುತ್ತದೆ. ಹ್ಯಾಚ್‌ನಲ್ಲಿ ಅದೇ ಆತುರ ತೋರಿಸಿದರೆ ಮೂತಿ ಹೊರಕ್ಕೆ ಹೊರಟುಬಿಡುತ್ತದೆ, ತಾಳ್ಮೆಯೇ ಅಲ್ಲಿನ ವಿದ್ಯೆ. ತಿರುವಿನ ನಡುವೆ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟರೆ ಹ್ಯಾಚ್‌ನ ಹಿಂಭಾಗವೂ ಜಾರಬಲ್ಲದು, ಮುಂದಿನ ಎಳೆತ ಅಂದಮಾತ್ರಕ್ಕೆ ಸುರಕ್ಷಿತ ಎಂದು ನಂಬಿಕೊಂಡವರಿಗೆ ಇದು ಗೊತ್ತಿರಲಿ. ಪಕ್ಕದಲ್ಲಿ ಕೂತ ಬೋಧಕರು ಹ್ಯಾಚ್‌ನಲ್ಲಿ ಹೇಳಿದ್ದು ಹೆಚ್ಚಾಗಿ "ಕಾಯಿರಿ" ಅಂತ, ರೋಡ್‌ಸ್ಟರ್‌ನಲ್ಲಿ "ಇನ್ನೂ ಬೇಗ" ಅಂತ.

ಮಧ್ಯಾಹ್ನ ಸ್ವಲ್ಪ ಮಳೆ ಬಿದ್ದು ಟ್ರ್ಯಾಕ್ ಒದ್ದೆಯಾದಾಗ ಹ್ಯಾಚ್ ತನ್ನ ಮಾನ ವಾಪಸು ಪಡೆಯಿತು. ಹಿಡಿತ ಕಡಿಮೆಯಾದರೆ ವೇಗವೂ ಕಡಿಮೆ, ಶಾಖವೂ ಕಡಿಮೆ. ಬ್ರೇಕಿನ ತಕರಾರೇ ಇಲ್ಲ. ಮೂತಿ ಜಾರಿದರೆ ಕಾಲು ಸ್ವಲ್ಪ ಸಡಿಲಿಸಿದರಾಯಿತು. ರೋಡ್‌ಸ್ಟರ್‌ನಲ್ಲಿ ಪ್ರತಿ ತಿರುವಿನ ಹೊರದಾರಿಯೂ ಹಿಂಭಾಗದ ಜೊತೆ ಸಂಧಾನ. ಜಾರುವ ಕಾರನ್ನು ತಾನೇ ಹಿಡಿದು ನಿಲ್ಲಿಸುವ ಇಎಸ್‌ಸಿ ವ್ಯವಸ್ಥೆಯ ದೀಪ ಮಿನುಗುತ್ತಲೇ ಇತ್ತು. ಆ ವ್ಯವಸ್ಥೆಯನ್ನು ಆಫ್ ಮಾಡಿ ಓಡಿಸುವ ಶೌರ್ಯ ಗೆಳೆಯನ ಕಾರಿನಲ್ಲಿ ತೋರಿಸುವಂಥದ್ದಲ್ಲ.

ಟ್ರಾಫಿಕ್ಕಿನದೂ ಒಂದು ಲೆಕ್ಕವಿದೆ. ಕಲಿಯುವವರ ಗುಂಪಿನಲ್ಲಿ ನೇರ ಹಾದಿಯಲ್ಲಿ ಮಾತ್ರ, ಅದೂ ಮುಂದಿನವರು ಕೈ ತೋರಿಸಿ ದಾರಿ ಕೊಟ್ಟರೆ ಮಾತ್ರ ಓವರ್‌ಟೇಕ್. ಹ್ಯಾಚ್‌ಗೆ ಇದು ಹೇಳಿ ಮಾಡಿಸಿದ ನಿಯಮ. ರೋಡ್‌ಸ್ಟರ್ ತಿರುವಿನಲ್ಲಿ ಮುಂದಿನ ದೊಡ್ಡ ಕಾರಿನ ಬಂಪರಿಗೆ ಹತ್ತಿಕೊಂಡು ಬರುತ್ತದೆ, ನೇರ ಹಾದಿ ಬಂದೊಡನೆ ಅದು ದೂರ ಓಡುತ್ತದೆ, ಮುಂದಿನ ತಿರುವಿನಲ್ಲಿ ಮತ್ತೆ ಅದೇ ಬಂಪರ್. ದಾರಿ ಕೊಡುವವರು ಆಕ್ಸಿಲರೇಟರ್‌ನಿಂದ ಕಾಲೆತ್ತಿದರೆ ಮಾತ್ರ ಬಿಡುಗಡೆ. ಹಾಗೆ ಕಾಲೆತ್ತುವ ದೊಡ್ಡ ಮನಸ್ಸು ಎಲ್ಲ ದೊಡ್ಡ ಕಾರುಗಳಿಗೂ ಇರುವುದಿಲ್ಲ.

ಯಾವುದನ್ನು ಆರಿಸುತ್ತೀರಿ ಎಂದರೆ, ಓಡಿಸುವುದನ್ನು ಕಲಿಯಬೇಕು, ದಿನವಿಡೀ ಟ್ರ್ಯಾಕಿನ ಮೇಲೇ ಇರಬೇಕು ಅನ್ನುವವರಿಗೆ ರೋಡ್‌ಸ್ಟರ್. ಇದರಲ್ಲಿ ನನಗೆ ಅನುಮಾನ ಉಳಿದಿಲ್ಲ, ಪಕ್ಷಾಂತರಿ ಅಂದರೂ ಸರಿ. ಮನೆಗೆ ಇರುವುದೇ ಒಂದು ಕಾರು, ಹಿಂದಿನ ಸೀಟಿನಲ್ಲಿ ಮಕ್ಕಳು ಕೂರಬೇಕು ಅನ್ನುವವರು ಹ್ಯಾಚ್ ತೆಗೆದುಕೊಂಡು ಅದರ ಮಿತಿಯನ್ನು ಅರಿತು ಓಡಿಸಲಿ. ಅವರಿಗೆ 20 ನಿಮಿಷದ ಸೆಷನ್‌ಗಳಿಗಿಂತ, ಬೇಕಾದಾಗ ಒಳಹೊಕ್ಕು ಬೇಕಾದಾಗ ಪಿಟ್ಟಿಗೆ ಬರಬಹುದಾದ ಓಪನ್ ಪಿಟ್ ಲೇನ್ ದಿನಗಳು ಒಗ್ಗುತ್ತವೆ. ನಾಲ್ಕು ಸುತ್ತು ಜೋರಾಗಿ ಓಡಿಸಿ ಒಂದು ಸುತ್ತು ನಿಧಾನವಾಗಿ ಓಡಿಸಿ ಬ್ರೇಕ್ ತಣ್ಣಗಾಗಿಸಿ ಹೊರಬಂದರೆ ಹ್ಯಾಚ್‌ನಷ್ಟು ಖುಷಿ ಕೊಡುವ ಕಾರು ಕಡಿಮೆ. ಸೆಷನ್ ಪದ್ಧತಿಯಲ್ಲಿ ಗಡಿಯಾರ ಮುಗಿಯುವವರೆಗೂ ಒಳಗೇ ಇರುವ ಆಸೆ ಹುಟ್ಟುತ್ತದೆ, ಪ್ಯಾಡ್ ಸಾಯುವುದು ಆಗಲೇ.

ಹ್ಯಾಚ್‌ಗೆ ಏನಾದರೂ ಹಾಕಿಸುವುದಿದ್ದರೆ ಮೊದಲು ಟ್ರ್ಯಾಕ್ ಪ್ಯಾಡ್, ಆಮೇಲೆ ಟಯರ್, ಇಸಿಯು ಮ್ಯಾಪ್ ಕಟ್ಟಕಡೆಗೆ. ಪವರ್ ಏರಿಸಿದರೆ ಮೇಲೆ ಹೇಳಿದ 15 ಲಕ್ಷ ಜೂಲ್ ಇನ್ನೂ ಏರುತ್ತದೆ ಅಷ್ಟೇ. ಟ್ರ್ಯಾಕ್ ಪ್ಯಾಡ್ ತಣ್ಣಗಿದ್ದಾಗ ಕೀರಲು ಸದ್ದು ಮಾಡುತ್ತದೆ, ಧೂಳು ಉದುರಿಸುತ್ತದೆ, ಆದ್ದರಿಂದ ಅದನ್ನು ಹಿಂದಿನ ದಿನ ಹಾಕಿ ಮಾರನೇ ದಿನ ಬಿಚ್ಚುವುದು ವಾಸಿ. ಚಕ್ರ ಬಿಚ್ಚಿ ಹಾಕಿದ ಮೇಲೆ ಕೈಪಿಡಿಯಲ್ಲಿರುವ ಟಾರ್ಕ್‌ಗೆ ಬಿಗಿ ಮಾಡಿ, ಮೊದಲ ಸೆಷನ್ ಮುಗಿದು ಚಕ್ರ ತಣ್ಣಗಾದ ಮೇಲೆ ಇನ್ನೊಮ್ಮೆ ರೆಂಚ್ ಹಿಡಿದು ನೋಡಿ. ರೋಡ್‌ಸ್ಟರ್‌ಗೆ ಹೊಸ ಬ್ರೇಕ್ ಆಯಿಲ್, ರೋಲ್ ಬಾರ್, ತೆಳು ಸೀಟು ಇಷ್ಟಿದ್ದರೆ ಮೊದಲ ವರ್ಷಕ್ಕೆ ಸಾಕು.